ಗಬ್ಬೂರಿನ ಶಿದ್ದಪ್ಪ ಬರೆಯದ ಪತ್ರ

ಜಿಲ್ಲೆಯ ಪ್ರಚಾರ ಕಚೇರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಕಾಲೇಜು ವಿದ್ಯಾರ್ಥಿಗಳಿಗೆಂದು ನೀವು ಸಿದ್ಧಪಡಿಸಿರುವ ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿ "ಗಬ್ಬೂರಿನ ಸಿಪಾಯಿ ಶಿದ್ದಪ್ಪನು ತನ್ನ ತಾಯಿಗೆ ಬರೆದ ಪತ್ರ" ಎಂಬ ಮಾದರಿಯಿದೆ. ಅದನ್ನು ಶಿದ್ದಪ್ಪ ಬರೆದಿಲ್ಲ. ಮೂರು ವರ್ಷಗಳ ಹಿಂದೆ, ನಿಮ್ಮ ಕಚೇರಿಯ ಕಿಟಕಿ ಪಕ್ಕದ ಮೇಜಿನ ಮೇಲೆ, ನೀವು ಎದುರಿಗೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ, ಅದನ್ನು ಬರೆದವನು ನಾನು. ಇದು ನನಗೆ ಎಷ್ಟು ಗೊತ್ತೋ ನಿಮಗೂ ಅಷ್ಟೇ ಗೊತ್ತು. ಹಾಗಿದ್ದೂ ಆ ಪುಟದ ಅಡಿಯಲ್ಲಿ "ನೈಜ ಪತ್ರ, ಅಕ್ಷರಶಃ" ಎಂದು ಅಚ್ಚು ಹಾಕಿಸಲು ನಿಮಗೆ ಕೈ ಹೇಗೆ ಬಂತು?

ಯುದ್ಧ ಮುಗಿದಿದೆ. ಪ್ರಚಾರವೆಂಬ ಮಾತು ಹಳಸಿತೆಂದೋ ಏನೋ, ನೀವೀಗ ಅದಕ್ಕೆ "ಜನಸಂಪರ್ಕ" ಎಂದು ಹೊಸ ಹೆಸರಿಟ್ಟಿದ್ದೀರಿ. ಬರುವ ಜನವರಿಯಿಂದ ಧಾರವಾಡದಲ್ಲಿ ಜನಸಂಪರ್ಕದ ವರ್ಗ ಆರಂಭವಾಗುವುದಂತೆ. ಮಾತು ಬಲ್ಲ ತರುಣರನ್ನು ಆರಿಸಿ, ಮುಂದೆ ಸರ್ಕಾರಕ್ಕೂ ಗಿರಣಿಗಳಿಗೂ ಬೇಕಾಗುವ ಈ ಉದ್ಯೋಗಕ್ಕೆ ತಯಾರು ಮಾಡುವಿರಂತೆ. ಮೊದಲ ದಿನ ನಾನು ಬಂದು "ನಾನು ಈ ವಿದ್ಯೆ ಕಲಿತ ಬಗೆ" ಎಂಬ ವಿಷಯವಾಗಿ ಮಾತಾಡಬೇಕೆಂಬ ನಿಮ್ಮ ಆಮಂತ್ರಣ ತಲುಪಿದೆ. ಅಲ್ಲಿಯತನಕ ಕಾಯುವ ತಾಳ್ಮೆ ನನಗಿಲ್ಲ. ಅದನ್ನು ಇಲ್ಲಿಯೇ, ಪತ್ರಿಕೆ ಓದುವ ಎಲ್ಲರ ಎದುರಿಗೆ ಹೇಳಿಬಿಡುತ್ತೇನೆ.

ನಾನು ಬೆಂಗೇರಿಯವನು. ತಂದೆ ಯಾಕೂಬಸಾಬರು ಟಾಂಗಾ ಮತ್ತು ಚಕ್ಕಡಿಗಳ ಗಾಲಿ ದುರಸ್ತಿ ಮಾಡುತ್ತಾರೆ. ೧೯೪೩ರಲ್ಲಿ ನಾನು ಹುಬ್ಬಳ್ಳಿಯಿಂದ ದಿನಾಲು ರೈಲಿನಲ್ಲಿ ಧಾರವಾಡಕ್ಕೆ ಹೋಗಿ ಬಿ.ಎ. ಓದುತ್ತಿದ್ದೆ. ಕಾಲೇಜಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತೇನೆಂಬ ಹೆಸರಿತ್ತು. ಅದು ನಿಮ್ಮ ಕಿವಿಗೂ ಬಿದ್ದು ನನ್ನನ್ನು ಕರೆಸಿದಿರಿ. "ವಕೀಲಕಿ ಹಳೇದಾತು, ತಮ್ಮಾ. ಇನ್ನ ಮುಂದ ರಾಜ್ಯ ನಡಿಯೋದು ಪ್ರಚಾರದ ಮ್ಯಾಲೆ. ಈಗ ಕಲತವ ಮುಂದ ಬರತಾನ" ಎಂದಿರಿ. ಗಾಲಿ ಬಡಿಯುವವನ ಮಗನಿಗೆ ಅಷ್ಟು ದೊಡ್ಡ ಸಾಹೇಬರು ಕುರ್ಚಿ ತೋರಿಸಿ ಕೂಡು ಅಂದದ್ದೇ ಸಾಕಿತ್ತು. ಮರುದಿನದಿಂದಲೇ ತರಗತಿ ಬಿಟ್ಟ ಕೂಡಲೇ ನಿಮ್ಮ ಕಚೇರಿಗೆ ಉಮೇದುವಾರನಾಗಿ ಬರತೊಡಗಿದೆ.

ನೀವು ಒಳ್ಳೆಯ ಗುರುಗಳಾಗಿದ್ದಿರಿ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಕರಪತ್ರದಲ್ಲಿ ದೊಡ್ಡ ಮಾತು ಬರೆದರೆ ಹಳ್ಳಿಯವರು ಅದರಲ್ಲಿ ಚುರುಮುರಿ ಕಟ್ಟಿಕೊಳ್ಳುತ್ತಾರೆ ಎಂದು ಕಲಿಸಿದಿರಿ. ರೈತನಿಗೆ ಏನು ಹೇಳಬೇಕಿದ್ದರೂ ಮೊದಲು ಎತ್ತಿನ ಕ್ಷೇಮ ಕೇಳು ಎಂದಿರಿ. ಆಮೇಲೆ ಒಂದು ದಿನ, ಸಿಪಾಯಿಯೊಬ್ಬ ಮನೆಗೆ ಬರೆದಂತೆ ಒಂದು ಪತ್ರ ಬರೆ ಎಂದು ಹೇಳಿ, ದಂಡಿಗೆ ಹೋದವರ ಹೆಸರುಗಳ ಯಾದಿ ಮುಂದಿಟ್ಟಿರಿ. "ಹೆಸರು, ಊರು ಖರೇ ಇರಬೇಕು. ಅಂದ್ರ ಉಳದದ್ದನ್ನ ಜನ ತಾವ ನಂಬತಾರ." ನಾನು ಬೆರಳಿಟ್ಟದ್ದು ಗಬ್ಬೂರಿನ ಶಿದ್ದಪ್ಪನ ಹೆಸರಿನ ಮೇಲೆ. ಪಕ್ಕದಲ್ಲಿ ಕೆಂಪು ಮಸಿಯಲ್ಲಿ, ಸಿಂಗಾಪುರ ಬಿದ್ದ ಮೇಲೆ ಪತ್ತೆ ಇಲ್ಲ ಎಂದಿತ್ತು. ಬೇರೆ ಹೆಸರು ನೋಡಲೇ ಎಂದು ಕೇಳಿದೆ. ನೀವು ಕನ್ನಡಕ ಒರೆಸುತ್ತ, "ಪತ್ತೆ ಇಲ್ಲದವನ ಛಲೋ. ಬಂದು ತಕರಾರು ಮಾಡೋದಿಲ್ಲ" ಅಂದಿರಿ. ನಾನು ನಕ್ಕೆ. ಮಾನ್ಯರೇ, ಆ ನಗೆಯನ್ನು ನಿಮ್ಮ ಲೆಕ್ಕಕ್ಕೆ ಹಾಕುವುದಿಲ್ಲ. ಅದು ನನ್ನದೇ.

ಪತ್ರ ಒಂದೇ ಏಟಿಗೆ ಬಂತು. ಹೊಟ್ಟೆ ತುಂಬ ಊಟ, ಮೈತುಂಬ ಅರಿವೆ, ಸಾಹೇಬರ ಪ್ರೀತಿ. ಎಲ್ಲಿದ್ದೇನೆಂದು ಬರೆಯಲು ಅಪ್ಪಣೆಯಿಲ್ಲ. ಕೆಂದ ಎತ್ತಿನ ಹಿಂಗಾಲು ಈಗ ಹೇಗಿದೆ? ನಮ್ಮ ಎರೆಸೀಮೆಯಲ್ಲಿ ಕಾಲು ಸೋತ ಒಂದು ಎತ್ತಿಲ್ಲದ ಕೊಟ್ಟಿಗೆ ಎಲ್ಲಿದೆ? ಅಪ್ಪನ ದುರಸ್ತಿ ಚಪ್ಪರದ ಕೆಳಗೆ ಕೂತು ರೈತರ ಮಾತು ಕೇಳುತ್ತ ಬೆಳೆದವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಕೊನೆಗೆ ತಮ್ಮನನ್ನು ಸೇರಿಸು ಎಂದಿರಿ ನೀವು. ಅವನಿಗೆ ತಮ್ಮನಿದ್ದಾನೋ ಇಲ್ಲವೋ ಅಂದೆ. "ಹಳ್ಳ್ಯಾಗ ಯಾರಿಗೆ ತಮ್ಮ ಇರೂದಿಲ್ಲ, ಹಾಕು." ಹಾಕಿದೆ. "ತಮ್ಮನ್ನೂ ದಂಡಿಗೆ ಕಳಸವ್ವಾ. ಒಂದ ಕಡೆ ಇದ್ರ ನನಗೂ ಧೈರ್ಯ." ತಮ್ಮ ನಿಮ್ಮ ಸೂಚನೆ. ಧೈರ್ಯ ನನ್ನ ಕೈಯಿಂದ ಬಂದದ್ದು. ನೀವು ಅದಕ್ಕೆ ಕಚೇರಿಯ ದುಂಡು ಶಿಕ್ಕಾ ಒತ್ತಿಸಿ ಸಾವಿರ ಪ್ರತಿ ಅಚ್ಚು ಮಾಡಿಸಿದಿರಿ.

ಮನೆಗೆ ಹೋಗಿ ಹೆಮ್ಮೆಯಿಂದ ತಂದೆಯವರಿಗೆ ಓದಿ ಹೇಳಿದೆ. ಅವರು ಕೈಯಲ್ಲಿದ್ದ ಉಳಿ ಕೆಳಗಿಟ್ಟು ಪೂರ್ತಿ ಕೇಳಿದರು. ಬಹಳ ಚೆನ್ನಾಗಿದೆ, ಇದನ್ನು ಆ ಹುಡುಗನ ತಾಯಿ ಕೇಳುತ್ತಾಳೋ ಎಂದರು. ಕೇಳಬಹುದು ಅಂದೆ. ಅವರು ಉಳಿ ಎತ್ತಿಕೊಂಡರು.

ಗಬ್ಬೂರಿಗೆ ಹೋದ ದಿನ ನಿಮಗೆ ನೆನಪಿದೆಯೇ? ನಿಮಗೆ ನೂರು ಹಳ್ಳಿ, ನೂರು ಚಾವಡಿ. ನನಗೆ ಅದೊಂದೇ. ಮೋಟಾರಿನಲ್ಲಿ ಗ್ರಾಮಫೋನು ಹಚ್ಚಿ ಜನ ಕೂಡಿಸಿದ್ದಾಯಿತು. ಶಾಲೆಯ ಮಾಸ್ತರರು ನನ್ನ ಪರಿಚಯ ಮಾಡಿಕೊಟ್ಟರು. ನಾನು ಪತ್ರ ಓದಿದೆ. ಎತ್ತಿನ ಮಾತು ಬಂದಾಗ ಹೆಂಗಸರ ಗುಂಪಿನಿಂದ ಒಬ್ಬಳು ಎದ್ದು ನಿಂತಳು. ಓದು ಮುಗಿಯುವತನಕ ನಿಂತೇ ಇದ್ದಳು. ಆಮೇಲೆ ಮೋಟಾರಿನ ಹತ್ತಿರ ಬಂದಳು. ಶಿದ್ದಪ್ಪನ ತಾಯಿ ಹೊಳೆವ್ವ.

"ಖರೇನ ಇದು ನನ್ನ ಶಿದ್ದಂದನ್ರಿ?"

ನೀವು ನನ್ನ ಕಡೆ ನೋಡಿದಿರಿ. ಆ ಒಂದು ಗಳಿಗೆಯಲ್ಲಿ ನಾನು ಬೇರೆ ಏನಾದರೂ ಹೇಳಬಹುದಿತ್ತು. "ಹೌದವ್ವಾ" ಅಂದೆ.

"ಅವಗ ಅಕ್ಷರ ಬರತಿದ್ದಿಲ್ಲಲ್ರಿ?"

"ದಂಡಿನ್ಯಾಗ ಸಾಲಿ ಕಲಸ್ತಾರವ್ವಾ."

ಅವಳು ಆ ಹಾಳೆಯನ್ನು ಎರಡೂ ಕೈಯಲ್ಲಿ ಇಸಕೊಂಡು ಹಣೆಗೆ ಒತ್ತಿಕೊಂಡಳು. "ಎತ್ತಿನ ಕಾಲ ನೆನಪಿಟ್ಟಾನ ನನ್ನ ಕೂಸು" ಎಂದು ಪಕ್ಕದವಳಿಗೆ ಹೇಳಿದಳು. ಅವಳ ಹಿಂದೆ ಹತ್ತೊಂಬತ್ತು ವರ್ಷದ ಮಗ ಗುಡ್ಡಪ್ಪ ನಿಂತಿದ್ದ. ಎತ್ತರದ ಆಳು, ಒಗೆದು ಇನ್ನೂ ಹಸಿ ಆರದ ಅಂಗಿ. ಅವನು ನನ್ನನ್ನೇ ಕೇಳಿದ, "ಅಣ್ಣ ಇರೋ ಕಡೀಗೇ ನನ್ನ ಹಾಕ್ತಾರನ್ರಿ?" ಕೇಳಿಕೊಂಡರೆ ಹಾಕುತ್ತಾರೆ ಎಂದೆ. ತಿರುಗಿ ಬರುವಾಗ ನೀವು ನನ್ನ ಹೆಗಲ ಮೇಲೆ ಕೈಯಿಟ್ಟು, "ಅಕ್ಷರದ ಪ್ರಶ್ನೆಗೆ ಉತ್ತರ ಕೊಟ್ಟೆಲ್ಲ, ಅದು ಕಲಸಿ ಬರೋದಲ್ಲ. ನೀ ಮುಂದ ಬರತಿ" ಎಂದಿರಿ. ಹದಿನೈದು ದಿನದೊಳಗೆ ಗುಡ್ಡಪ್ಪ ಹುಬ್ಬಳ್ಳಿಯಲ್ಲಿ ಭರ್ತಿಯಾದ. ಆ ತಿಂಗಳ ವರದಿಯಲ್ಲಿ ನೀವು ಅದನ್ನು ನಮ್ಮ ಪತ್ರದ ಫಲವೆಂದು ಬರೆದಿರಿ. ಶುದ್ಧ ಪ್ರತಿ ತೆಗೆದವನು ನಾನೇ.

ಇನ್ನು ನಿಮ್ಮ ವರದಿಯಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ಗುಡ್ಡಪ್ಪ ಮರುವರ್ಷ ಬರ್ಮಾದ ಗಡಿಯಲ್ಲಿ ಸತ್ತ. ಅಣ್ಣನಿರುವ ಕಡೆಗೆ ಅವನನ್ನು ಯಾರೂ ಹಾಕಲಿಲ್ಲ, ಏಕೆಂದರೆ ಅಣ್ಣ ಜಪಾನಿಯರ ಸೆರೆಯಲ್ಲಿದ್ದ. ನೀವು ಭರವಸೆ ಕೊಟ್ಟಿದ್ದ ಕಾಯಂ ಹುದ್ದೆ ಯುದ್ಧದ ಜೊತೆಗೇ ಮುಗಿಯಿತು. ನಾನು ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಗುಡ್ಡಪ್ಪ ಸತ್ತದ್ದು ನನಗೆ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಪ್ರಯತ್ನಿಸಲೂ ಇಲ್ಲ.

ಈ ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ, ಬೆತ್ತದಷ್ಟು ತೆಳ್ಳಗಿನ ಒಬ್ಬ ಮನುಷ್ಯ ಛಾಪಖಾನೆಯ ಬಾಗಿಲಿಗೆ ಬಂದು, ಯಾಕೂಬಸಾಬರ ಮಗ ಯಾರು ಎಂದು ವಿಚಾರಿಸಿದ. ನಾನೇ ಎಂದೆ.

"ನಾ ಗಬ್ಬೂರ ಶಿದ್ದಪ್ಪ ರೀ."

ಪತ್ತೆ ಇಲ್ಲದವನು ಪತ್ತೆಯಾಗಿದ್ದ, ಮಾನ್ಯರೇ. ತಕರಾರು ಮಾಡಲು ಮಾತ್ರ ಬಂದಿರಲಿಲ್ಲ. ಕೇಳಲು ಬಂದಿದ್ದ. ಶಿವರಾತ್ರಿಯ ಹೊತ್ತಿಗೆ ಊರಿಗೆ ಬಂದನಂತೆ. ತಾಯಿ ಬಾಗಿಲಲ್ಲಿ ನಿಂತು ನೋಡಿದಳಂತೆ, ಒಂದು ಸಲ ಮುಖ ಸವರಿದಳಂತೆ, ಒಳಗೆ ಹೋದಳಂತೆ. ಅಂದಿನಿಂದ ಅವನ ಜೊತೆ ಮಾತಿಲ್ಲ. ನಾಲ್ಕು ತಿಂಗಳಾದ ಮೇಲೆ ನೆರೆಮನೆಯ ಮುದಕವ್ವ ಕಾರಣ ಹೇಳಿದಳು: ತಮ್ಮನನ್ನು ಕರೆದು ಕೊಲ್ಲಿಸಿದವನು ನೀನೇ ಅಲ್ಲವೇ, ಪತ್ರ ಬರೆದು?

"ನಾ ಯಾವಾಗ ಬರದೆ ಅಂತ ಮಾಸ್ತರನ್ನ ಕೇಳಿದೆ. ಅವರು ನಿಮ್ಮ ಹೆಸರು ಹೇಳಿದ್ರು. ನನ್ನ ಪತ್ರ ನಿಮ್ಮ ಕೈಗೆ ಹೆಂಗ ಬಂತ್ರಿ?"

ನಾನೇ ಬರೆದದ್ದು ಎಂದು ಹೇಳಿದೆ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. "ನಮ್ಮ ಎತ್ತಿನ ಸುದ್ದಿ ನಿಮಗ ಯಾರು ಹೇಳಿದ್ರು?" ಎಂದಷ್ಟೇ ಕೇಳಿದ. ಯಾರೂ ಹೇಳಲಿಲ್ಲ ಎಂದೆ. ಆಮೇಲೆ ಅವನು, "ಬರ್ರಿ, ಅವ್ವಗ ಹೇಳ್ರಿ" ಅಂದ.

ಇಬ್ಬರೂ ನಡೆದುಕೊಂಡೇ ಗಬ್ಬೂರಿಗೆ ಹೋದೆವು. ದಾರಿಯುದ್ದಕ್ಕೂ ಅವನು ನನಗೆ ಕೆಸರು ಇಲ್ಲದ ಕಡೆ ತೋರಿಸುತ್ತ ಮುಂದೆ ನಡೆದ. ಹೊಳೆವ್ವ ನನ್ನ ಗುರುತು ಹಿಡಿದಳು, ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಯಾದಿ, ಕೆಂಪು ಮಸಿ, ಎತ್ತು, ತಮ್ಮ, ಯಾವುದನ್ನೂ ಬಿಡಲಿಲ್ಲ. ಚರ್ಚಾಕೂಟದಲ್ಲಿ ಸುಳ್ಳನ್ನೂ ಗೆಲ್ಲಿಸುತ್ತಿದ್ದವನು ಅಂದು ನಿಜವನ್ನು ತೊದಲುತ್ತ ಹೇಳಿದೆ. ಅವಳು ಕೇಳಿ, ಒಳಗೆ ಹೋಗಿ, ದೇವರ ಮುಂದಿನಿಂದ ಆ ಹಾಳೆಯನ್ನು ತಂದು ನನ್ನ ಮುಂದೆ ಬಿಡಿಸಿದಳು.

"ಇದಕ್ಕ ಸರಕಾರದ ಶಿಕ್ಕಾ ಐತ್ರಿ. ನಿಮ್ಮ ಮಾತಿಗೆ ಏನೈತಿ? ತಾಯಿ ಮಗನ್ನ ಕೂಡಸಬೇಕಂತ ಹೇಳಾಕತ್ತೀರಿ. ನಿಮ್ಮ ಮನಸ್ಸು ದೊಡ್ಡದು. ಆದ್ರ ಸುಳ್ಳ ಹೇಳಬ್ಯಾಡ್ರಿ."

ಆಣೆ ಮಾಡುತ್ತೇನೆ ಎಂದೆ. ಬೇಡವೆಂದಳು. ಎರಡು ತಾಟಿನಲ್ಲಿ ರೊಟ್ಟಿ ತಂದಿಟ್ಟಳು. ಮಗ ಮೂರು ಮೊಳ ದೂರದಲ್ಲಿ ಗೋಡೆಗೆ ಒರಗಿ ಕುಳಿತಿದ್ದಾನೆ. ಅವಳು ನನ್ನ ಕಡೆ ತಿರುಗಿ, "ಅವಗೂ ಉಣ್ಣಾಕ ಹೇಳ್ರಿ" ಅಂದಳು. ನಾನು ಹೇಳಿದೆ. ಅವನು ಉಂಡ.

ನಿಮ್ಮ ವಿದ್ಯೆಯಲ್ಲಿ ನಾನು ಎಷ್ಟು ಪಕ್ಕಾ ಆಗಿದ್ದೆನೆಂದರೆ, ನನ್ನ ಸುಳ್ಳನ್ನು ನಾನೇ ಬಂದು ಕೆಡವಿದರೂ ಅದು ಬೀಳುವುದಿಲ್ಲ. ಅಂದಿನಿಂದ ಎದುರಿಗೆ ಬಂದ ಪ್ರತಿ ಕರಡಿನಲ್ಲೂ ನನಗೆ ಗುಡ್ಡಪ್ಪ ಕಾಣುತ್ತಾನೆ. ಮಳೆಗಾಲದಲ್ಲಿ ಹಸಿ ಬಟ್ಟೆಯ ವಾಸನೆ ಬಂದರೆ ಸಾಕು, ಪಕ್ಕದಲ್ಲಿ ನಿಂತು, ಅಣ್ಣ ಇರೋ ಕಡೀಗೇ ಹಾಕ್ತಾರನ್ರಿ ಎಂದು ಕೇಳುತ್ತಾನೆ. ಅವನ ದನಿಯಲ್ಲಿ ಸಿಟ್ಟಿಲ್ಲ. ಈಗಲೂ ನನ್ನನ್ನು ನಂಬಿದವನ ಹಾಗೆಯೇ ಕೇಳುತ್ತಾನೆ. ನಿಮಗೆ ಹೀಗೆ ಯಾರೂ ಕಾಣುವುದಿಲ್ಲವೇ? ಅಥವಾ ಹಿರಿಯ ಅಧಿಕಾರಿಗಳಿಗೆ ಅದರಿಂದ ವಿನಾಯಿತಿ ಇದೆಯೇ?

ನಿಮ್ಮ ಕಚೇರಿಗೆ ನಾನು ಎರಡು ಸಲ ಅರ್ಜಿ ಬರೆದೆ. ಆ ಪತ್ರ ಕಚೇರಿಯಲ್ಲಿ ರಚಿತವಾದದ್ದು ಎಂದು ಒಂದು ಸಾಲು ಬರೆದು ಶಿಕ್ಕಾ ಹಾಕಿಕೊಡಿ ಎಂದು ಕೇಳಿದೆ. "ಯುದ್ಧಕಾಲದ ಕಾಗದಗಳೆಲ್ಲ ವಿಲೇವಾರಿಯಾಗಿರುವುದರಿಂದ ಈ ಬಗ್ಗೆ ಏನನ್ನೂ ಹೇಳಲಾಗದು" ಎಂದು ಉತ್ತರ ಬಂತು. ಸರಿ ಎಂದುಕೊಂಡೆ. ಹೋದ ವಾರ ನಿಮ್ಮ ಕೈಪಿಡಿ ಅಚ್ಚಿಗೆಂದು ನಮ್ಮ ಛಾಪಖಾನೆಗೇ ಬಂದು, ಕರಡು ನನ್ನ ಮೇಜಿಗೇ ಬಂತು. ಹದಿನಾಲ್ಕನೆಯ ಪುಟದಲ್ಲಿ ವಿಲೇವಾರಿಯಾದ ಆ ಪತ್ರ ಒಂದಕ್ಷರವೂ ಕೆಡದೆ ಕುಳಿತಿದೆ. ಯಾವ ಕಾಗದ ಸುಡಬೇಕು, ಯಾವುದನ್ನು ಪಾಠಕ್ಕೆ ಇಟ್ಟುಕೊಳ್ಳಬೇಕು ಎಂಬ ವಿವೇಕವನ್ನೂ ಈ ವರ್ಗದಲ್ಲಿ ಕಲಿಸುವಿರೋ?

ಆ ಪುಟಕ್ಕೆ ನಾನು ಒಪ್ಪಿಗೆಯ ಸಹಿ ಹಾಕಿಲ್ಲ. ನಾಳೆ ಈ ಪತ್ರಿಕೆ ಕೈಗೆ ಬಂದ ಮೇಲೆ ನಮ್ಮ ಮಾಲೀಕರು ನನ್ನನ್ನು ಮನೆಗೆ ಕಳಿಸುತ್ತಾರೆ, ಬೇರೆ ಯಾರಾದರೂ ಸಹಿ ಹಾಕುತ್ತಾರೆ. ಆದ್ದರಿಂದ ವರ್ಗಕ್ಕೆ ಹೆಸರು ಕೊಟ್ಟಿರುವ ತರುಣರಿಗೂ ಇಲ್ಲಿಯೇ ಒಂದು ಮಾತು: ಈ ಉದ್ಯೋಗ ಕಲಿಯಬೇಡಿ ಎನ್ನಲಾರೆ. ಸರ್ಕಾರ ಜನರೊಡನೆ ಮಾತಾಡಲೇಬೇಕು, ಅದನ್ನು ಬಲ್ಲವರು ಬೇಕು. ಆದರೆ ನೀವು ಬರೆದದ್ದನ್ನು ಯಾರಿಗಾಗಿ ಬರೆದಿರೋ ಅವರ ಮನೆಗೆ ಒಮ್ಮೆ ಹೋಗಿ ಕೂತು ಬನ್ನಿ.

ನಿಮ್ಮಲ್ಲಿ ನನ್ನ ಬೇಡಿಕೆ ಎರಡೇ. ಕೈಪಿಡಿಯಿಂದ ಆ ಪುಟವನ್ನು ತೆಗೆಯಬೇಕು. ಮತ್ತು ನೀವೇ, ನಿಮ್ಮ ಗುಮಾಸ್ತರಲ್ಲ, ಗಬ್ಬೂರಿನ ಚಾವಡಿಗೆ ಬಂದು, ಶಿಕ್ಕಾ ಹಾಕಿದ ಕಾಗದ ಹಿಡಿದು, ಆ ಪತ್ರವನ್ನು ಶಿದ್ದಪ್ಪ ಬರೆದಿಲ್ಲವೆಂದು ಓದಿ ಹೇಳಬೇಕು. ನನ್ನ ಮೇಲೆ ಬೇಕಾದ ಕ್ರಮ ಕೈಕೊಳ್ಳಿ, ಅದನ್ನೂ ಅಲ್ಲಿಯೇ ಓದಿ. ತಡ ಮಾಡುವಂತಿಲ್ಲ. ಹಿಂಗಾರಿ ಜೋಳ ಕೊಯ್ದ ಮೇಲೆ ಮುಂಬಯಿಯ ಗಿರಣಿಗೆ ಹೋಗಿಬಿಡುತ್ತೇನೆ, ಈ ಮನೆಯಲ್ಲಿ ಇರಲಾರೆ ಎಂದು ಶಿದ್ದಪ್ಪ ಹೇಳಿದ್ದಾನೆ. ಹೊಳೆವ್ವನಿಗೆ ಈಚೆಗೆ ಕಿವಿ ಮಂದವಾಗಿದೆ. ಹತ್ತಿರ ಹೋಗಿ, ಗಟ್ಟಿಯಾಗಿ ಓದಿ.

ಇಂತಿ, ನಿಮ್ಮ ಕಚೇರಿಯಲ್ಲಿ ಬಹಳ ಚೆನ್ನಾಗಿ ಕಲಿತ,
ಅಮೀನಸಾಬ ಯಾಕೂಬಸಾಬ
ಬೆಂಗೇರಿ, ಹುಬ್ಬಳ್ಳಿ
ನವೆಂಬರ್ ೧೯೪೬