ಇಪ್ಪತ್ತು ಸೆಕೆಂಡು ಮಾತು, ಆಮೇಲೆ ಹಾಡು

ಡಿಸೆಂಬರ್ 2, ಸೋಮವಾರ. ಬೆಳಿಗ್ಗೆ 6.10

ಮೇಡಂ ಈಗಷ್ಟೇ ಮಲಗಿದರು. ಒಂಬತ್ತು ತಿಂಗಳಿಗೇ ಮನೆಯವರನ್ನೆಲ್ಲ ಕುಣಿಸುತ್ತಾಳೆ ಅಂತ ಇವರು, ನಮ್ಮ ಯಜಮಾನರು, ಮಗಳಿಗೆ ಇಟ್ಟ ಅಡ್ಡಹೆಸರು. ಇವರು ನಾಲ್ಕಕ್ಕೇ ಬೇಕರಿಗೆ ಹೋದರು — ಡಿಸೆಂಬರ್ ಅಲ್ಲವೆ, ಕೇಕಿನ ಕಾಲ. ನನಗೆ ನಿದ್ದೆ ಎರಡು ಗಂಟೆ, ಅದೂ ಮೂರು ಕಂತಿನಲ್ಲಿ. ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರಿದೆ. ಮತ್ತೆ ನೋಡಿದೆ.

ಇವತ್ತಿನಿಂದ ಮತ್ತೆ ರೇಡಿಯೋ ಕೆಲಸ. ಮನೆಯಿಂದಲೇ. ತಿಂಗಳಿಡೀ ಸಂಜೆ ನಾಲ್ಕಕ್ಕೆ ‘ಇಲ್ಲಿಲ್ಲದವರಿಗೆ’ ಅಂತ ಕಾರ್ಯಕ್ರಮ. ಪ್ರೀತಿ ಮುರಿದ, ಬರುತ್ತೇನೆಂದವರು ಬಾರದ, ಒಬ್ಬರೇ ಕೂತು ಕಳೆದ ಕ್ರಿಸ್‌ಮಸ್ಸಿನ ಹಾಡುಗಳು ಮಾತ್ರ. ಗಂಟೆ ಕಿಣಿಕಿಣಿ ಅನ್ನುವ ಖುಷಿ ಹಾಡು ಒಂದೂ ಇಲ್ಲ. ಜನ ಫೋನ್ ಮಾಡಿ ಮಷೀನಿಗೆ ಹೇಳುತ್ತಾರೆ — ಹಾಡು ಯಾರಿಗೆ, ಯಾಕೆ. ಹೆಸರು, ನಂಬರು ಯಾವುದೂ ದಾಖಲಾಗುವುದಿಲ್ಲ. ಆ ದನಿಗಳನ್ನು ಕೇಳಿ, ಕತ್ತರಿಸಿ, ಒಂದೊಂದಕ್ಕೂ ಗುರುತು ಹಾಕಿ ಕಳಿಸುವುದು ನನ್ನ ಪಾಲು. ದೂ — ದೂರ ಇರುವವರು. ಬಿ — ಬಿಟ್ಟು ಹೋದವರು. ತೀ — ತೀರಿಕೊಂಡವರು. ಗುರುತು ನೋಡಿಕೊಂಡು ನಿರೂಪಕ ಎರಡು ಮಾತಾಡಿ ಹಾಡು ಹಾಕುತ್ತಾನೆ.

ನಿನ್ನೆ ಪ್ರೊಡ್ಯೂಸರ್ ಫೋನಿನಲ್ಲಿ: “ಅಳಲಿ ರೀ, ಬೇಡ ಅನ್ನಲ್ಲ. ಇಪ್ಪತ್ತು ಸೆಕೆಂಡಲ್ಲಿ ಅತ್ತು ಮುಗಿಸ್ಲಿ.”

ಡಿಸೆಂಬರ್ 5, ಗುರುವಾರ. ಮಧ್ಯಾಹ್ನ

ದಿನಕ್ಕೆ ಅರವತ್ತು ದನಿ. ಮೊದಲ ದಿನ ಎಲ್ಲವನ್ನೂ ಪೂರ್ತಿ ಕೇಳಿದೆ. ಎರಡನೇ ದಿನವೇ ಉಪಾಯ ಹೊಳೆಯಿತು. ಒಂದೇ ಕಿವಿಗೆ ಇಯರ್‌ಫೋನ್ — ಇನ್ನೊಂದು ಕಿವಿ ಮೇಡಂಗೆ ಮೀಸಲು. ವೇಗ ಒಂದೂವರೆ ಪಟ್ಟು. ಆ ವೇಗದಲ್ಲಿ ಎಲ್ಲರದೂ ಒಂದೇ ದನಿ, ಬಸ್ಸು ತಪ್ಪಿಹೋಗುತ್ತಿರುವವರ ದನಿ. ಮೊದಲ ಇಪ್ಪತ್ತು ಸೆಕೆಂಡು ಇಟ್ಟುಕೊಂಡು ಉಳಿದದ್ದಕ್ಕೆ ಕತ್ತರಿ. ಹೇಗೂ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತಾರೆ. ಆಮೇಲಿನದೆಲ್ಲ ಮೂಗು ಸೀಟುವುದು.

ಇವತ್ತು ಒಬ್ಬಾತ: “ಹೆಂಡ್ತಿ ನಾಯೀನ ಕರ್ಕೊಂಡು ಹೋದ್ಲು. ಹಾಡು ಅವಳಿಗಲ್ಲ, ನಾಯಿಗೆ.” ಬಿ ಹಾಕಿದೆ. ಇನ್ನೇನು ಹಾಕಲಿ?

ಆ ಹಳೆಯ ಹಾಡನ್ನೇ ಬಹಳ ಜನ ಕೇಳುತ್ತಾರೆ — ಹಬ್ಬದ ಮೇಜಿಗೆ ಎರಡು ತಟ್ಟೆ ಇಟ್ಟು, ಒಂದನ್ನು ಮತ್ತೆ ಕಪಾಟಿಗೆ ಸೇರಿಸುವ ಹೆಂಗಸಿನದು. ಅಮ್ಮ ಪಾತ್ರೆ ತೊಳೆಯುವಾಗ ಅದನ್ನೇ ಗುನುಗುತ್ತಿದ್ದಳು. ಮೊದಲ ಚರಣ ಮುಗಿಯುವಷ್ಟರಲ್ಲಿ ಪಾತ್ರೆಯೂ ಮುಗಿಯುತ್ತಿತ್ತು. ಅಷ್ಟು ನಿಧಾನದ ಹೆಂಗಸು.

ಅವಳ ಬಗ್ಗೆ ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಬರೆದಾಯಿತು. ಆಗಸ್ಟಿನಲ್ಲಿ ಅವಳು ಬಂದು ನಮ್ಮ ಜೊತೆ ಇದ್ದಳು. ಅವಳು ನೋಡಿಕೊಳ್ಳುತ್ತಿದ್ದಾಗ ಮಗು ಮಂಚದಿಂದ ಬಿತ್ತು. ಹಣೆಯಲ್ಲಿ ಬುಗುಟು. ಡಾಕ್ಟರು ಏನೂ ಇಲ್ಲ ಅಂದರು. ನಾನು ಸುಮ್ಮನಿರಲಿಲ್ಲ — ನಿನ್ನ ಕೈಗೆ ಕೊಟ್ಟಿದ್ದೇ ತಪ್ಪು, ಇನ್ನು ಮುಟ್ಟಬೇಡ ಅಂದೆ. ಮಾರನೆಯ ಬೆಳಿಗ್ಗೆ ಬ್ಯಾಗು ತೆಗೆದುಕೊಂಡು ಹೋದಳು. ಎರಡು ಬಸ್ಸಿನ ದೂರ. ನಾಲ್ಕು ತಿಂಗಳು. ಅವಳೂ ಫೋನ್ ಮಾಡಿಲ್ಲ. ನಾನೂ.

ಡಿಸೆಂಬರ್ 9, ಸೋಮವಾರ. ಬೆಳಿಗ್ಗೆ 11

ಇವತ್ತಿನ ಒಂದು ದನಿ ಎದೆಗೆ ಕೂತಿದೆ. ಯಾರೋ ತಾಯಿ. “ನನ್ನ ಮಗಳಿಗೊಂದು ಹಾಡು ಹಾಕಿ. ಆಗಸ್ಟಲ್ಲಿ ಕೊನೇ ಸಲ ನೋಡಿದ್ದು. ಅವಳ ಸ್ವೆಟರ್ ಇನ್ನೂ ಬಾಗಿಲ ಹಿಂದೆ ನೇತಾಡ್ತಿದೆ. ತೆಗೆಯೋಕೆ ಕೈ ಬರಲ್ಲ.”

ನಡುನಡುವೆ ಉದ್ದುದ್ದ ಮೌನ. ಎಲ್ಲ ತೆಗೆದೆ. ಆದರೂ ಇಪ್ಪತ್ತು ಸೆಕೆಂಡು ತುಂಬಿಬಿಟ್ಟಿತು. ಮುಂದೆ ಇನ್ನೂ ಒಂದೂವರೆ ನಿಮಿಷ ಇತ್ತು. ಕೇಳಲಿಲ್ಲ. ಕೇಳಲಾಗಲಿಲ್ಲ ಅನ್ನುವುದು ಸರಿ. ಮಗಳು ಸತ್ತ ಕಥೆ ಯಾಕೆ ಬೇಕು ನನಗೆ? ತೀ ಹಾಕಿ ಕಳಿಸಿದೆ.

ಹೋಗಿ ಮೇಡಂ ಉಸಿರು ನೋಡಿದೆ. ಮೂರು ಸಲ. ಮೂರನೇ ಸಲ ಎಚ್ಚರವಾಗಿ ಅತ್ತಳು. ನಾನೂ ಅತ್ತೆ. ಇಪ್ಪತ್ತು ಸೆಕೆಂಡಿಗಿಂತ ಜಾಸ್ತಿಯೇ.

ಡಿಸೆಂಬರ್ 12, ಗುರುವಾರ

ಮೇಲಿನ ಹಲ್ಲು ಬರುತ್ತಿದೆ. ದನಿ 71. ನಿದ್ದೆ — ಬಿಡು.

ಡಿಸೆಂಬರ್ 17, ಮಂಗಳವಾರ. ಸಂಜೆ 5.40

ಈಗಲೇ ಬರೆಯಬೇಕು. ಅಕ್ಷರ ಹೇಗೋ ಬರಲಿ.

ಮೇಡಂಗೆ ಚುಚ್ಚುಮದ್ದು ಹಾಕಿಸಲು ಕ್ಲಿನಿಕ್ಕಿಗೆ ಹೋಗಿದ್ದೆ. ನಮ್ಮ ಮುಂದೆ ಐದು ಮಕ್ಕಳು. ನರ್ಸಿನ ಮೇಜಿನ ಮೇಲೆ ರೇಡಿಯೋ, ನಮ್ಮದೇ ಕಾರ್ಯಕ್ರಮ. ಮನೆಯ ಹೊರಗೆ ಮೊದಲ ಸಲ ಕೇಳುತ್ತಿರುವುದು. ನಿರೂಪಕ ದನಿ ಭಾರ ಮಾಡಿಕೊಂಡು, “ಅಗಲಿದ ಮಗಳ ನೆನಪಿನಲ್ಲಿ ಒಬ್ಬ ತಾಯಿ,” ಅಂದ.

ಆಮೇಲೆ ಅಮ್ಮ ಮಾತಾಡಿದಳು.

ಅಮ್ಮನೇ. ಒಂದೂವರೆ ಪಟ್ಟಿನಲ್ಲಿ ಅಲ್ಲ, ಅವಳದೇ ವೇಗದಲ್ಲಿ. ಆಗಸ್ಟು. ಸ್ವೆಟರು. ಬಾಗಿಲ ಹಿಂದಿನ ಆ ಮೊಳೆ ಹೊಡೆದದ್ದು ನಾನು, ಹತ್ತನೇ ಕ್ಲಾಸಿನಲ್ಲಿ. ಸ್ವೆಟರು ನನ್ನದು. ಸತ್ತ ಮಗಳು ನಾನು.

ನರ್ಸು ಸೂಜಿ ಹಿಡಿದುಕೊಂಡೇ, “ಪಾಪ ಕಣ್ರೀ, ಹೆತ್ತ ಕರುಳು,” ಅಂದಳು. ನನ್ನ ಮುಖ ನೋಡಿ, “ಅಯ್ಯೋ, ನೀವ್ಯಾಕೆ ಅಳ್ತೀರಾ, ಚುಚ್ಚೋದು ಮಗೂಗೆ,” ಅಂತ ನೀರು ಕೊಟ್ಟಳು.

ಮನೆಗೆ ಬಂದು ಮೊದಲು ಕಂಪ್ಯೂಟರ್ ತೆಗೆದೆ. ಪೂರ್ತಿ ರೆಕಾರ್ಡಿಂಗು ಏಳು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ನಿನ್ನೆಗೆ ಏಳು ದಿನ. ಪಟ್ಟಿಯಲ್ಲಿ ಉಳಿದದ್ದು ಒಂದೇ ಸಾಲು — ಒಟ್ಟು ಅವಧಿ 1.52, ಗುರುತು ತೀ, ಗುರುತು ಹಾಕಿದವರು: ನಾನು.

ತೊಂಬತ್ತೆರಡು ಸೆಕೆಂಡು ಏನು ಹೇಳಿದಳು?

ಡಿಸೆಂಬರ್ 19, ಗುರುವಾರ. ಮಧ್ಯಾಹ್ನ 3

ಎರಡು ದಿನ ಫೋನ್ ಕೈಗೆತ್ತಿಕೊಳ್ಳುವುದು, ಕೆಳಗಿಡುವುದು. ಇವತ್ತು ಅದೇ ಬಡಿದುಕೊಂಡಿತು. ಚಿಕ್ಕಮ್ಮ. ಅಮ್ಮನ ತಂಗಿ, ಅವಳ ಜೊತೆಗೇ ಇರುವುದು. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಹಲೋ ಅನ್ನಲಿಲ್ಲ.

“ಬದುಕಿದ್ದೀಯೇನೇ?”

“ಚಿಕ್ಕಮ್ಮ...”

“ಅಲ್ಲ, ಕೇಳಿದೆ. ಮೊನ್ನೆ ರೇಡಿಯೋದವರು ನಿನ್ನ ಕಳಿಸಿಕೊಟ್ಟುಬಿಟ್ರಲ್ಲ. ಗುಂಡಿ ಹೊಲೀತಿದ್ದೆ, ಸೂಜಿ ಬೆರಳೊಳಗೇ ಹೋಯ್ತು ನಂಗೆ.”

“ಅಮ್ಮ?”

“ಎದ್ದು ಹೋಗಿ ಬಾಗಿಲ ಹಿಂದಿನ ಸ್ವೆಟರ್ ತೆಗೆದು ಮಡಚಿಟ್ಳು.”

ಚಿಕ್ಕಮ್ಮ ನಿಲ್ಲಿಸಲಿಲ್ಲ.

“ಆ ಮಷೀನಿನ ಮಾತು ಮೊದ್ಲು ಕೇಳೋದು ನೀನೇ ಅಂತ ಅವಳಿಗೆ ಗೊತ್ತಿತ್ತು ಕಣೇ, ಆಗಸ್ಟಲ್ಲಿ ನೀನೇ ಹೇಳಿದ್ದೆಯಲ್ಲ. ಅದಕ್ಕೇ ಅಲ್ಲಿಗೆ ಫೋನ್ ಮಾಡಿದ್ದು. ನಿಂಗೆ ನೇರ ಮಾಡೋಕೆ ಹೆದ್ರಿಕೆ. ಪಕ್ಕದಲ್ಲೇ ಇದ್ದೆ ನಾನು. ಕೊನೇಲಿ ಏನಂದ್ಳು ಗೊತ್ತಾ? ‘ಇದನ್ನ ಕತ್ತರಿಸೋ ಹುಡುಗೀಗೇ ಹೇಳ್ತಿದೀನಿ. ಕ್ರಿಸ್‌ಮಸ್‌ಗೆ ಕರೆದ್ರೆ ಬರ್ತೀನಿ. ಮಗೂನ ಮುಟ್ಟಲ್ಲ, ದೂರದಿಂದ ನೋಡ್ತೀನಿ.’ ಆಮೇಲೆ ಒಂದು ವಾರ ಫೋನ್ ಪಕ್ಕ ತಟ್ಟೆ ಇಟ್ಕೊಂಡೇ ಊಟ ಮಾಡಿದ್ಳು.”

“ಕೊನೇವರೆಗೂ ಕೇಳ್ಲಿಲ್ಲ ಚಿಕ್ಕಮ್ಮ ನಾನು. ಅವಳು ಅಂತಾನೇ ಗೊತ್ತಾಗ್ಲಿಲ್ಲ. ಆಣೆ.”

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದು.

“ಮೂವತ್ತು ವರ್ಷದಿಂದ ಕತ್ತರಿ ಹಿಡಿದಿದೀನಿ. ಬಟ್ಟೆ ಪೂರ್ತಿ ಬಿಡಿಸಿ ನೋಡ್ದೆ ಯಾವ ದರ್ಜೀನೂ ಕತ್ತರಿ ಹಾಕಲ್ಲ.”

“ಅವಳಿಗೆ ಫೋನ್ ಕೊಡು.”

“ತಗೊಳಲ್ವಂತೆ. ‘ನನಗೆ ಮಗಳಿಲ್ಲ ಅಂತ ಮಗಳೇ ಊರಿಗೆಲ್ಲ ಸಾರಿದ ಮೇಲೆ ಇನ್ನೇನು ಮಾತು’ ಅಂತಾಳೆ. ನಾಲ್ಕು ಗಂಟೆಗೆ ಆ ಹಾಳು ರೇಡಿಯೋ ಮಾತ್ರ ಹಾಕ್ತಾಳೆ. ಅದನ್ನ ಬಿಡಲ್ಲ.”

ಡಿಸೆಂಬರ್ 20, ಶುಕ್ರವಾರ. ಬೆಳಿಗ್ಗೆ 7

ನಿನ್ನೆ ಸಂಜೆಯಿಂದ ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮಗುವನ್ನು ಕಟ್ಟಿಕೊಂಡು ಎರಡು ಬಸ್ಸು ಹತ್ತಿ ಹೋಗಬಹುದು. ಬಾಗಿಲು ತೆಗೆಯದಿದ್ದರೆ?

ಎಲ್ಲೂ ಹೇಳದ ಮಾತೊಂದಿದೆ. ಇವರಿಗೂ ಹೇಳಿಲ್ಲ. ಆಗಸ್ಟಿನ ಆ ದಿನ ಮಗುವಿಗೆ ಬಟ್ಟೆ ಬದಲಿಸಲು, ಬೀಳದಿರಲೆಂದು ಮಂಚದ ಬದಿಗೆ ಹಾಕಿಸಿದ್ದ ಕಟಕಟೆ ಇಳಿಸಿದ್ದು ನಾನು. ಮತ್ತೆ ಏರಿಸಲಿಲ್ಲ. ಸ್ನಾನಕ್ಕೆ ಹೋದೆ. ಅಮ್ಮ ಪಕ್ಕದಲ್ಲಿ ಕೂತಿದ್ದಳು, ಒಲೆಯ ಮೇಲೆ ಹಾಲು ಉಕ್ಕಿತು, ಅಡುಗೆಮನೆಗೆ ಓಡಿದಳು. ಅಷ್ಟೇ. ಬಿದ್ದ ಸದ್ದು ಕೇಳಿ ನಾನು ಒದ್ದೆ ತಲೆಯಲ್ಲಿ ಬಂದೆ. ಮಗುವನ್ನು ಎತ್ತುವ ಮೊದಲು ನೋಡಿದ್ದು ಕಟಕಟೆಯನ್ನು. ಗೊತ್ತಾಯಿತು. ಗೊತ್ತಾದದ್ದರಿಂದಲೇ ಅಷ್ಟು ಜೋರಾಗಿ ಕೂಗಿದೆ.

ನಿದ್ದೆ ಬಾರದ್ದಕ್ಕೆ ಹಲ್ಲು, ಚುಚ್ಚುಮದ್ದು, ಚಳಿ ಅಂತ ಏನೇನೋ ಹೆಸರಿಟ್ಟೆ. ಮೇಡಂ ಮಲಗಿದ ಮೇಲೂ ನಾನು ಕಟಕಟೆ ಮುಟ್ಟಿ ಮುಟ್ಟಿ ನೋಡುತ್ತಿರುತ್ತೇನೆ.

ಡಿಸೆಂಬರ್ 21, ಶನಿವಾರ

ಪ್ರೊಡ್ಯೂಸರಿಗೆ ಎಲ್ಲ ಹೇಳಿದೆ. ಕಟಕಟೆ ಒಂದು ಬಿಟ್ಟು. ಕೆಲಸ ಹೋಯಿತು ಅಂದುಕೊಂಡೆ.

“ಅಲ್ರೀ, ಸತ್ತವರು ಎದ್ದು ಬಂದ್ರೆ ಅದು ಕ್ರಿಸ್‌ಮಸ್ ಅಲ್ಲ, ಈಸ್ಟರ್.”

“ಒಂದು ತಿದ್ದುಪಡಿ ಹಾಕಬೇಕು ಸರ್. ನನ್ನ ದನೀಲೇ. ಸೋಮವಾರ.”

“ನಮ್ಮ ಮಾನ?”

“ನನ್ನದೂ ಹೋಗುತ್ತಲ್ಲ, ಜೊತೇಲಿ.”

“...ಇಪ್ಪತ್ತು ಸೆಕೆಂಡ್. ಒಂದೂ ಜಾಸ್ತಿ ಇಲ್ಲ. ಇನ್ಮೇಲೆ ಪೂರ್ತಿ ಕೇಳಿ ಕತ್ತರಿಸಿ, ಅರವತ್ತರ ಬದಲು ಮೂವತ್ತಾದ್ರೂ ಪರವಾಗಿಲ್ಲ.”

ಮೇಡಂ ಮಧ್ಯಾಹ್ನ ಮಲಗಿದಾಗ ಮಷೀನಿಗೆ ಫೋನ್ ಮಾಡಿದೆ, ಎಲ್ಲರಂತೆ. ಮೊದಲ ಪ್ರಯತ್ನ 1.47. ಕೇಳಿ ನೋಡಿದೆ. ಹತ್ತಿರಹತ್ತಿರ ಒಂದೂವರೆ ನಿಮಿಷ ಬರೀ ಸಬೂಬು — ನಿದ್ದೆ ಇಲ್ಲ, ಕೆಲಸ ಜಾಸ್ತಿ, ಒಂದೇ ಕಿವಿ. ಎಲ್ಲಕ್ಕೂ ಕತ್ತರಿ. ಉಳಿದದ್ದು ಇಷ್ಟು:

“ಅಮ್ಮ, ನಾನು ಬದುಕಿದ್ದೀನಿ. ನಿನ್ನ ಮಾತು ಪೂರ್ತಿ ಕೇಳದೆ, ನಿನ್ನ ದನೀಂತ ಗೊತ್ತಾಗದೆ, ಆ ಗುರುತು ಹಾಕಿದ್ದು ನಾನೇ. ಆಗಸ್ಟಲ್ಲಿ ಮಂಚದ ಕಟಕಟೆ ಇಳಿಸಿದ್ದೂ ನಾನೇ, ನೀನಲ್ಲ. ಬಾ.”

‘ಬಾ’ ಅನ್ನುವ ಮೊದಲು ನಾಲ್ಕು ಸೆಕೆಂಡು ಖಾಲಿ. ಅಭ್ಯಾಸಕ್ಕೆ ಕೈ ಅಲ್ಲಿಗೇ ಹೋಯಿತು. ಬಿಟ್ಟೆ. ಒಟ್ಟು ಇಪ್ಪತ್ತೆರಡಾಯಿತು. ಬೈದರೆ ಬೈಯಲಿ.

ಗುರುತಿನ ಜಾಗದಲ್ಲಿ ದೂ ಹಾಕಿದೆ. ಎರಡೇ ಬಸ್ಸು, ಆದರೂ.

ಡಿಸೆಂಬರ್ 23, ಸೋಮವಾರ. ಸಂಜೆ 6

4.25ಕ್ಕೆ ಬಂತು. ಇವರು ಬೇಕರಿಯಿಂದ ಬೇಗ ಬಂದು ಪಕ್ಕದಲ್ಲಿ ಕೂತಿದ್ದರು, ಕೂದಲಲ್ಲಿ ಮೈದಾ. ಕಟಕಟೆಯ ವಿಷಯ ಇವರಿಗೆ ಗೊತ್ತಾದದ್ದೂ ರೇಡಿಯೋದಿಂದಲೇ. ನನ್ನ ಕಡೆ ತಿರುಗಿದರು. ಮೇಡಂ ಕಾಲಿಗೆ ಕಳಚಿದ ಸಾಕ್ಸ್ ಹಾಕಿದರು.

ಆಮೇಲೆ ಎರಡು ತಟ್ಟೆಯ ಹಾಡು ಬಂತು. ಅರ್ಧಕ್ಕೇ ಜಾಹೀರಾತು.

ಫೋನ್ ಬರಲಿಲ್ಲ. ಐದು ಗಂಟೆ. ಐದೂವರೆ. ನಾನು ಮಾಡಿದೆ, ಎತ್ತಲಿಲ್ಲ. ಚಿಕ್ಕಮ್ಮನೂ ಎತ್ತಲಿಲ್ಲ.

“ಅತ್ತೆ ಬರ್ತಾರೆ ಬಿಡು,” ಅಂದರು ಇವರು.

“ಹೇಗೆ ಗೊತ್ತು?”

“ಕೇಕ್ ಒಂದು ಜಾಸ್ತಿ ತಂದಿದೀನಿ. ತಿನ್ನೋ ವಸ್ತು ಹಾಳಾಗೋಕೆ ಬಿಡೋರಲ್ಲ ಅವರು.”

ನಗು ಬರಲಿಲ್ಲ. ನಕ್ಕೆ.

“ಕಟಕಟೆ ವಿಷ್ಯ ನಂಗೆ ಅವತ್ತೇ ಹೇಳಬಹುದಿತ್ತು,” ಅಂದರು, ಮತ್ತೆ ಕಳಚಿದ ಸಾಕ್ಸ್ ಹಾಕುತ್ತ. ಅಷ್ಟೇ ಅಂದದ್ದು.

ಡಿಸೆಂಬರ್ 24, ಮಂಗಳವಾರ. ಮಧ್ಯಾಹ್ನ 2.50

ಹನ್ನೆರಡಕ್ಕೆ ಬೆಲ್ಲು. ಅದೇ ಬ್ಯಾಗು. ಚಪ್ಪಲಿ ಬಿಡುತ್ತಲೇ ಕೇಳಿದ ಮೊದಲ ಮಾತು:

“ಕಟಕಟೆ ಏರಿಸಿದ್ದೀಯಾ?”

ಏರಿಸಿದ್ದೇನೆ ಅಂದೆ. ಒಳಗೆ ಹೋಗಿ ತಾನೇ ಅಲುಗಾಡಿಸಿ ನೋಡಿದಳು. ಮೇಡಂ ಕೂತಲ್ಲಿಂದಲೇ ಇವಳನ್ನು ನೋಡಿದರು. ಅಮ್ಮ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಮುಟ್ಟಲಿಲ್ಲ. ಹೇಳಿದ್ದಳಲ್ಲ, ಮುಟ್ಟಲ್ಲ ಅಂತ. ನಾನೇ ಎತ್ತಿ ಅವಳ ತೋಳಿಗೆ ಹಾಕಿದೆ.

ಊಟ ಆದ ಮೇಲೆ, ತಟ್ಟೆ ನೋಡುತ್ತ ಅಂದಳು — “ಕಟಕಟೆ ಇಳಿದಿದ್ದು ನಾನೂ ನೋಡಿದ್ದೆ ಕಣೇ. ಹಾಲು ಉಕ್ತಾ ಇತ್ತು. ಒಂದು ಕ್ಷಣ, ಬಂದು ಏರಿಸ್ತೀನಿ ಅಂದ್ಕೊಂಡೆ.” ಮತ್ತೆ ಬಹಳ ಹೊತ್ತು ಸುಮ್ಮನೆ. ನಾನೂ ಸುಮ್ಮನೆ ಇದ್ದೆ. ಅವಳ ಮೌನ ಎಷ್ಟು ಉದ್ದ ಅಂತ ಮರೆತೇಹೋಗಿತ್ತು. “ನೀನು ಬೈದಿದ್ದು ತಪ್ಪಲ್ಲ. ಸತ್ತೆ ಅಂದಿದ್ದು ಮಾತ್ರ ಅತಿಯಾಯ್ತು.”

“ಅದು ನಾನಲ್ಲ ಅಮ್ಮ, ನಿರೂಪಕ.”

“ಗುರುತು ಯಾರದ್ದು?”

“ನನ್ನದೇ.”

“ಹ್ಞಾ. ಹೋಗು, ಸ್ವಲ್ಪ ಮಲಕ್ಕೋ. ಕಣ್ಣು ನೋಡು, ಯಾರೋ ಗುದ್ದಿದ ಹಾಗಿದೆ.”

ಬ್ಯಾಗಿನಿಂದ ಸ್ವೆಟರ್ ತೆಗೆದು ಎಸೆದಳು. ಮೈಗೆ ಹಾಕಿಕೊಂಡೇ ಬರೆಯುತ್ತಿದ್ದೇನೆ. ಭುಜದಲ್ಲಿ ಬಿಗಿ. ಮೊಳೆಯ ತೂತು ಕತ್ತಿನ ಹತ್ತಿರ.

ಈಗ ಒಳಗೆ ಮೇಡಂನ ಮಲಗಿಸುತ್ತಿದ್ದಾಳೆ. ಅದೇ ಹಾಡು, ಎರಡು ತಟ್ಟೆ. ಎಷ್ಟು ನಿಧಾನ... ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಹೋಗಿ ಬಟ್ಟೆ ಒಣಗಿಸಿ ಬರಬಹುದು. ಮೇಡಂ ಸದ್ದಿಲ್ಲ. ಮೂಗಿನ ಕೆಳಗೆ ಬೆರಳಿಟ್ಟು ನೋಡಬೇಕು. ಹಾಡು ಮುಗಿಯಲಿ. ಕಣ್ಣು ಎಳೆಯುತ್ತಿದೆ. ಎರಡನೇ ಚರಣ ಶುರುವಾಯಿತು. ಇಷ್ಟು ವರ್ಷದಲ್ಲಿ ಇದನ್ನು ಒಮ್ಮೆಯೂ ಕೊನೆಯವರೆಗೆ ಕೇಳಿಲ್ಲ, ಪಾತ್ರೆ ಮುಗಿದುಬಿಡುತ್ತಿತ್ತು. ಆ ತೆಗೆದಿಟ್ಟ ತಟ್ಟೆ ಕೊನೆಗೆ ಏನಾಗುತ್ತದೆ ಅಂತ ಇವತ್ತಾದರೂ ಪೂರ್ತಿ