ಜಗಲಿಯಲ್ಲಿ ಸಿಕ್ಕ ಉತ್ತರ

ಚಿ. ಸೌಮ್ಯಳಿಗೆ,

ತಿಪಟೂರಿನ ತರಬೇತಿಯಲ್ಲಿ ಅಂಕಿಅಂಶದ ಸಾಫ್ಟ್‌ವೇರ್ ಕಲಿತು ನೀನು ಬರೆದ ಸಂಶೋಧನಾ ವರದಿ ಓದಿದೆ. ನಮ್ಮೂರಿನ ಹೆಂಗಸರಲ್ಲಿ ಹೆಚ್ಚಿನವರು ದುಡಿಯುವುದಿಲ್ಲವಂತೆ.

ನೀನು ಕೇಳಿದ್ದು ಜಗಲಿಯಲ್ಲಿ ಕೂತ ಗಂಡಸರನ್ನು. "ನಮ್ಮನೆ ಹೆಂಗಸ್ರು ಕೂಲಿಗೆ ಹೋಗಲ್ಲ ಕಣವ್ವ" ಅಂದ ಶಿವಣ್ಣ. ಹಾಗೆನ್ನುವುದು ಇಲ್ಲಿ ಮನೆತನದ ಮರ್ಯಾದೆ. ಹಿಂದೆ ಜನಗಣತಿಯವರಿಗೆ ಅವನಪ್ಪನೂ ಅದನ್ನೇ ಹೇಳಿದ್ದ. ನೀನು ಶಿವಣ್ಣನನ್ನು ಕೇಳುತ್ತಿದ್ದ ಹೊತ್ತಿನಲ್ಲೇ ಅವನ ಹೆಂಡತಿ ಸಿದ್ದಮ್ಮ ಸಾಹುಕಾರರ ಮನೆಯಲ್ಲಿ ಕೂಲಿಗೆ ಮಚ್ಚು ಹಿಡಿದು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದಳು.

ನಿನ್ನ ವರದಿ ತೋರಿಸಿ, ದುಡಿಯುವ ಹೆಂಗಸರೇ ಇಲ್ಲವೆಂದು ಪಂಚಾಯಿತಿಯವರು ಊರಿನ ಶಿಶುಪಾಲನಾ ಕೇಂದ್ರ ಮುಚ್ಚಿದರು. ಸಿದ್ದಮ್ಮ ಈಗ ಮೊಮ್ಮಗಳನ್ನು ಹಳೇ ಸೀರೆಯಿಂದ ಕಂಬಕ್ಕೆ ಕಟ್ಟಿ ಕೆಲಸಕ್ಕೆ ಕೂರುತ್ತಾಳೆ. "ನಿಮ್ಮ ಶಿಷ್ಯೆ ಕಂಪ್ಯೂಟರ್‌ನಾಗೆ ನಾನು ಸುಮ್ನೆ ಕುಂತಿದೀನಂತಲ್ಲ ಮೇಷ್ಟ್ರೇ, ಮಗೂನ ಅವಳ ತಾವೇ ಬುಟ್ಟುಬರ್ಲಾ?" ಅಂದಳು.

ಮತ್ತೊಮ್ಮೆ ಬಂದು ಹೆಂಗಸರನ್ನೇ ಕೇಳು. ಅವರು ಮಚ್ಚು ಕೆಳಗಿಡುವಂತಿಲ್ಲ, ನೀನೇ ಪಕ್ಕದಲ್ಲಿ ಕೂತು ಬರೆದುಕೊ. ಕೂತಷ್ಟು ಹೊತ್ತು ಮಗು ನಿನ್ನ ತೊಡೆಯ ಮೇಲಿರಲಿ.

ನಿನ್ನ ಹೈಸ್ಕೂಲಿನ ಮೇಷ್ಟ್ರು,
ತೋಂಟದಾರ್ಯ