ಮಮೋನಾಸ್ ಎಂಬ ಸೊಸೆ

ಮೇಷ್ಟ್ರಿಗೆ ನಮಸ್ಕಾರಗಳು.

ನಾನೊಂದು ಅಪರಾಧ ಮಾಡಿದ್ದೇನೆ. ಅನುವಾದ ಸಮಿತಿಗೆ ತಲುಪಿಸೆಂದು ನೀವು ಕೊಟ್ಟ ರಾಜೀನಾಮೆ ಮೂರು ದಿನದಿಂದ ನನ್ನ ಜೇಬಿನಲ್ಲೇ ಇದೆ. ಅಂಗಿಯ ಜೊತೆ ಒಮ್ಮೆ ಸೋಪಿನ ನೀರನ್ನೂ ಕಂಡಿದೆ.

ಕಳೆದ ಸಭೆಯಲ್ಲಿ ನಾನು ಎದೆ ಸೆಟೆಸಿದ್ದು ನಿಜ. ಬೈಬಲ್ಲಿನ 'ಮಮೋನಾಸ್' ಎಂಬ ಗ್ರೀಕ್ ಪದಕ್ಕೆ ನೀವು 'ಹಣ' ಎಂದು ಬರೆದಿದ್ದಿರಿ. ನಾನು ಎದ್ದು, ಈ ಪದ ಗ್ರೀಕರ ಮನೆಮಗಳಲ್ಲ, ಅರಮಾಯಿಕ್ ಭಾಷೆಯಿಂದ ಬಂದ ಸೊಸೆ ಎಂದೆ. ತವರಿನಲ್ಲಿ ಅವಳ ಮೂಲಾರ್ಥ 'ನೆಚ್ಚಿಕೊಂಡದ್ದು' ಎಂದಿರಬಹುದೆಂದು ವಿದ್ವಾಂಸರ ಊಹೆ; ಆದ್ದರಿಂದ 'ನೆಚ್ಚಿದ ಸಿರಿ' ಎನ್ನೋಣ ಎಂದೆ.

"ಇದನ್ನೆಲ್ಲ ಎಲ್ಲಿ ಕಲಿತೆಯೋ?" ಎಂದಿರಿ.

"ಸ್ವಂತ ಸಂಶೋಧನೆ, ಮೇಷ್ಟ್ರೇ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನೀವು ಕನ್ನಡಕ ಮಡಚಿಟ್ಟು, "ನನ್ನ ತಲೆ ಖಾಲಿಯಾಯ್ತು ಕಣಯ್ಯ. ಇನ್ಮೇಲೆ ನೀನೇ ನೋಡ್ಕೋ" ಎಂದು ಎದ್ದುಹೋದಿರಿ.

ದಯವಿಟ್ಟು ನಾಳೆ ಬನ್ನಿ. ನಿಮ್ಮ ಕುರ್ಚಿಯ ಅಲುಗಾಡುವ ಕಾಲನ್ನು ಸರಿ ಮಾಡಿಸಿದ್ದೇನೆ. ಇನ್ನೂ ನಾಲ್ಕು ಅಧ್ಯಾಯ ಬಾಕಿ ಇವೆ, ನನ್ನೊಬ್ಬನಿಂದ ಆಗುವುದಿಲ್ಲ.

ಹೇಳಲು ನಾಚಿಕೆಯಾಗುತ್ತದೆ: ನನ್ನ ಸಂಶೋಧನೆ ಸಿಕ್ಕಿದ್ದು, ಓದಿಕೋ ಎಂದು ನೀವು ಕೊಟ್ಟಿದ್ದ ಹಳೆಯ ನಿಘಂಟಿನ ಅಂಚಿನಲ್ಲಿ. ಪೆನ್ಸಿಲಿನಲ್ಲಿತ್ತು, ನಿಮ್ಮದೇ ಅಕ್ಷರ.

ಇಂತಿ,
ನಿಮ್ಮ ತಲೆಹರಟೆ ಶಿಷ್ಯ